ಅತ್ತಿಯವರ ಇಸ್ಪೀಟ್ ಕಂಪ್ಯೂಟರ್

ಭಾಗ್ಯಾನ ಪಪ್ಪಾ,

ಹಳೀ ಸಾಮಾನ ಒಯ್ಯೂ ಭಂಗಾರವಾಲಾ ಬಂದ್ರ ಕೆಟ್ಟ ಮಿಕ್ಸರ್ ಅಷ್ಟ ಕೊಡ್ರಿ. ಕಂಪ್ಯೂಟರ್ ಮುಟ್ಟಾಕ ಬಿಡಬ್ಯಾಡ್ರಿ.

ಹೊಸಾ ವಿಂಡೋಸ್ ಈ ಹಳೀ ಕಂಪ್ಯೂಟರಿಗೆ ಬರೂದಿಲ್ಲಂತ ನೀವು ಅದನ್ನ ಮಾರತೀನಿ ಅಂದಾಗಿಂದ ಅತ್ತಿ ತಮ್ಮ ಇಸ್ಪೀಟ್ ಆಟ ಹೋತಂತ ಸಪ್ಪಗಿದ್ರಲ್ಲಾ? ನಿನ್ನೆ ಭಾಗ್ಯಾ ಅದರಾಗ ವಿಂಡೋಸ್ ಬದಲಿಗೆ ಪುಕಟ ಸಿಗೂ ಲಿನಕ್ಸ್ ಹಾಕಿದ್ಳು. ಇಸ್ಪೀಟ್ ಅದರಾಗೂ ಅದ! ಮೊದಲನೇ ಆಟಾನ ಗೆದ್ದ ಅತ್ತಿ, "ಜ್ಯೋತೀ, ನಾಕೂ ರಾಜಾಗೋಳು ಮನಿ ಸೇರಿದ್ರು ನೋಡವಾ!" ಅಂತ ಚೀರಿ, ಇಡೀ ಚಾಳಿನವರಿಗೆ ಶೇಂಗಾ ಹೋಳಿಗಿ ಹಂಚಿದ್ರು.

ನಿಮ್ಮ ಪಾಲಿಂದು ಕುಕ್ಕರಿನ ಹಿಂದ ಮುಚ್ಚಿಟ್ಟೀನಿ. ಶಹಾಡದ ಫ್ಯಾಕ್ಟರಿಯಾಗ ನೈಟ್ ಶಿಫ್ಟ್ ಮುಗಿಸಿ ಬಂದೀರಿ, ತಿಂದು ಮಲಕೋರಿ. ಗುಡಿಯಿಂದ ಬಂದಮ್ಯಾಲ ಅತ್ತಿ ನಿಮಗೂ ಆಟ ಕಲಸ್ತಾರಂತ. ನೀವು ಸಣ್ಣವರಿದ್ದಾಗ ಇಸ್ಪೀಟ್ ಮುಟ್ಟಿದ್ದಕ್ಕ ಹೊಡದಿದ್ರಲ್ಲಾ, ಈಗ ಹೊಡಿಯೂದಿಲ್ಲಂತ!

ಜ್ಯೋತಿ