ಬಾರದ ಕಳ್ಳ

ಪೋರ್ಟ್ ಎಲ್ಡನ್, ಒಹಾಯೊ
ಏಪ್ರಿಲ್ ೧೧, ೨೦೧೬, ಸೋಮವಾರ

ವೆಂಡಲ್‌ಗೆ,

ಹೆಸರಿನ ಮುಂದೆ ಗೀಚಿರುವುದು 'ಪ್ರೀತಿಯ' ಎಂಬ ಪದ. ಬರೆದೆ, ಹೊಡೆದುಹಾಕಿದೆ. ಒಂಬತ್ತು ವರ್ಷ ಬೇರೆ ಬೇರೆ ಇದ್ದವರ ನಡುವೆ ಅದು ಸರಿಕಾಣಲಿಲ್ಲ.

ನನ್ನ ತಮ್ಮ ರೋಡಿಯ ಮಣ್ಣಿಗೆ ನೀನು ಬರಲಿಲ್ಲ. ಬರಬೇಡ ಎಂದು ಹೇಳಿಕಳಿಸುವವಳಿದ್ದೆ, ನೀನೇ ಅರ್ಥಮಾಡಿಕೊಂಡೆ. ಹೂವಿನ ಚಕ್ರ ಬಂತು. ಚೀಟಿಯಲ್ಲಿ ಬರೀ ನಿನ್ನ ಹೆಸರಿತ್ತು. ಪಾದ್ರಿ ಅದನ್ನು ಶವಪೆಟ್ಟಿಗೆಯ ಕಾಲ ಕಡೆಗೆ ಇಡಿಸಿದರು. ಆ ಕಾಲುಗಳಿಗೆ ನೀನು ಮಾಡಿದ್ದು ತಿಳಿದೇ ಇಡಿಸಿದರೋ ತಿಳಿಯದೆಯೋ, ನಾನು ಕೇಳಲಿಲ್ಲ.

ಹತ್ತು ವರ್ಷ ರೋಡಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿದೆ. ಈಗ ಕೈ ಖಾಲಿ. ಕೈ ಖಾಲಿಯಾದರೆ ಮನಸ್ಸು ಸುಮ್ಮನಿರುವುದಿಲ್ಲ. ಅವನು ಬದುಕಿರುವವರೆಗೆ ಬಾಯಿ ಬಿಡಬಾರದು ಎಂದು ಕಟ್ಟಿಟ್ಟಿದ್ದ ಮಾತೊಂದಿದೆ. ಅವನು ಜೈಲಿಗೆ ಹೋಗುತ್ತಾನೆ ಎಂಬ ಭಯ ಮೊದಲು; ಆಮೇಲೆ, ಅವನು ನನ್ನನ್ನು ಏನೆಂದುಕೊಂಡಾನು ಎಂಬ ಭಯ. ಈಗ ಎರಡೂ ಇಲ್ಲ.

ನಮ್ಮ ಮನೆಗೆ ಕಳ್ಳ ಬಂದಿರಲೇ ಇಲ್ಲ, ವೆಂಡಲ್.

೨೦೦೪ರ ಅಕ್ಟೋಬರ್. ನಿನಗೆ ಬೆನ್ನಿನ ಆಪರೇಷನ್ ಆಗಿ ಮೂರು ವಾರವಾಗಿತ್ತು. ಊರವರ ಕೂದಲು ಕತ್ತರಿಸಲು ಮೂವತ್ತು ವರ್ಷ ನಿಂತದ್ದಕ್ಕೆ ಊರು ಕೊಟ್ಟ ಬಹುಮಾನ ಎಂದು ನೀನೇ ನಗುತ್ತಿದ್ದೆ. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ ಬಚ್ಚಲಿನ ಕಪಾಟಿನಲ್ಲಿತ್ತು. ಅವತ್ತು ನೀನು ತಪಾಸಣೆಗೆ ಹೋಗಿದ್ದೆ. ಹನ್ನೊಂದು ಗಂಟೆಗೆ ರೋಡಿ ಹಿಂಬಾಗಿಲಿಗೆ ಬಂದ. ಛಾವಣಿ ಕೆಲಸದಲ್ಲಿ ಬಿದ್ದು ಭುಜ ಮುರಿದುಕೊಂಡಾಗ ಹತ್ತಿದ ಮಾತ್ರೆಯ ಚಟ ಅವನನ್ನು ಹೇಗೆ ತಿಂದಿತ್ತೆಂದು ನಿನಗೆ ಗೊತ್ತು. ಮೂಗು ಸೋರುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. "ಅಕ್ಕಾ, ಎರಡೇ ಎರಡು ಕೊಡೇ. ಇಲ್ಲದಿದ್ರೆ ಇವತ್ತು ಸತ್ತೇ ಹೋಗ್ತೀನಿ" ಎಂದ. ನಾನು ಡಬ್ಬಿಯನ್ನೇ ಕೊಟ್ಟೆ.

ಅವನು ಹೋದ ಮೇಲೆ ಕುಳಿತು ಯೋಚಿಸಿದೆ. ಹಿಂದಿನ ತಿಂಗಳಷ್ಟೇ ನೀನು ಹೇಳಿದ್ದೆ: "ನಿನ್ನ ತಮ್ಮ ಇನ್ನೊಂದು ಸಲ ನನ್ನ ಮನೇಲಿ ಕೈಯಾಡಿಸಿದ್ರೆ ಶೆರಿಫ್‌ಗೆ ನಾನೇ ಫೋನ್ ಮಾಡ್ತೀನಿ, ನೋಲಾ. ಆಮೇಲೆ ಅಳಬೇಡ." ಅವನು ಆಗಲೇ ಒಂದು ಕೇಸಿನಲ್ಲಿ ಷರತ್ತಿನ ಮೇಲೆ ಹೊರಗಿದ್ದ. ಇನ್ನೊಂದು ದೂರು ಬಿದ್ದರೆ ಐದು ವರ್ಷ ಒಳಗೆ. ಅದಕ್ಕೇ ಲಟ್ಟಣಿಗೆಗೆ ಟವೆಲ್ಲು ಸುತ್ತಿ ಅಡಿಗೆಮನೆ ಬಾಗಿಲಿನ ಗಾಜು ಒಡೆದೆ. ಡ್ರಾಯರುಗಳನ್ನು ಎಳೆದು ನೆಲಕ್ಕೆ ಸುರಿದೆ. ಬರೀ ಮಾತ್ರೆ ಹೋದರೆ ಯಾರ ಕೆಲಸವೆಂದು ನಿನಗೆ ಆ ಕ್ಷಣವೇ ಹೊಳೆಯುತ್ತದೆ ಎಂದು, ನಿಮ್ಮಪ್ಪನ ಜೇಬುಗಡಿಯಾರವನ್ನೂ ತೆಗೆದುಕೊಂಡು ಹೋಗಿ ಸೇತುವೆಯ ಮೇಲಿಂದ ನದಿಗೆ ಬಿಟ್ಟೆ. ಅದಕ್ಕಾಗಿ ನೀನು ಅತ್ತಾಗ ನಿನ್ನ ತಲೆ ಸವರಿದವಳೂ ನಾನೇ.

ಶೆರಿಫ್‌ನ ಕಡೆಯವನು ಬಂದು ಬರೆದುಕೊಂಡು ಹೋದ. ನೀನು ಗಾಜು ಹಾಕಿಸಿದೆ, ಹೊಸ ಚಿಲಕ ಜಡಿಸಿದೆ. ಮುಗಿಯಿತೆಂದುಕೊಂಡೆ. ನೀನು ಮತ್ತೆ ಅಂಗಡಿ ತೆರೆದ ಮೇಲೆ, ಅಲ್ಲಿಗೆ ಬರುವವರು ಮುಗಿಯಲು ಬಿಡಲಿಲ್ಲ. ಒಗೆದ ಟವೆಲ್ಲು ತಂದಿಡಲು ನಾನು ಬಂದಾಗಲೆಲ್ಲ ಅದೇ ಮಾತು. ಬರ್ಲ್ ಸ್ಟ್ಯಾಂಪರ್ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಕನ್ನಡಿಯಲ್ಲಿ ನಿನ್ನನ್ನು ನೋಡುತ್ತಾ ಕೇಳಿದ್ದ: "ಅಲ್ಲಯ್ಯಾ ವೆಂಡಲ್, ಕಳ್ಳ ಎದುರಿಗೇ ಸಿಕ್ಕಿದ್ರೆ ಏನು ಮಾಡ್ತಿದ್ದೆ? ಬಾಚಣಿಗೆ ತೋರಿಸ್ತಿದ್ದೆಯಾ?"

"ಕೂರಿಸಿ ಕ್ಷೌರ ಮಾಡಿ ಕಳಿಸ್ತಿದ್ದ ಬಿಡು" ಎಂದ ಸರದಿಗೆ ಕಾಯುತ್ತಿದ್ದ ಇನ್ನೊಬ್ಬ. "ಪಾಪ, ನಮ್ಮ ವೆಂಡಲ್‌ಗೆ ಸತ್ತ ಜಿಂಕೆ ಕಂಡ್ರೇ ಕಣ್ಣಲ್ಲಿ ನೀರು."

ಎಲ್ಲರೂ ನಕ್ಕರು. ನೀನೂ ನಕ್ಕೆ. ನಿನ್ನ ಕಿವಿ ಕೆಂಪಾಗಿದ್ದನ್ನು ನಾನು ಕಂಡೆ. ಹನ್ನೆರಡನೆಯ ವಯಸ್ಸಿನಲ್ಲಿ ನಿಮ್ಮಪ್ಪ ಬೇಟೆಗೆ ಕರೆದುಕೊಂಡು ಹೋದಾಗ ಕಾಡಿನಲ್ಲಿ ವಾಂತಿ ಮಾಡಿಕೊಂಡು ಮನೆಗೆ ಬಂದವನು ನೀನು. ನಾನು ನಿನ್ನನ್ನು ಒಪ್ಪಿದ್ದೇ ಆ ಕಥೆ ಕೇಳಿ.

ಆ ಶನಿವಾರವೇ ನೀನು ಪಿಸ್ತೂಲು ತಂದೆ. "ನಿನಗೋಸ್ಕರ ಕಣೇ" ಎಂದೆ. "ದಿನವೆಲ್ಲ ಮನೇಲಿ ಒಬ್ಬಳೇ ಇರ್ತೀಯ." ಆಗಲೇ ಹೇಳಬಹುದಿತ್ತು. ನಾಲಿಗೆಗೆ ಬಂದದ್ದನ್ನು ನುಂಗಿದೆ. ಒಂದು ತಿಂಗಳಿಟ್ಟುಕೊಂಡು ಬೇಜಾರಾಗಿ ಮಾರುತ್ತಾನೆ ಎಂದುಕೊಂಡೆ. ನೀನು ನನ್ನನ್ನು ಕಲ್ಲುಗಣಿಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಹೊಡೆಯುವುದನ್ನು ಕಲಿಸಿದೆ. "ಗಟ್ಟಿಯಾಗಿ ಹಿಡಿಯೇ, ಅದೇನು ಹಾವಲ್ಲ" ಎಂದು ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದೆ. ಬಹಳ ದಿನಗಳ ಮೇಲೆ ನೀನು ನನ್ನನ್ನು ಅಷ್ಟು ಹತ್ತಿರ ಎಳೆದುಕೊಂಡದ್ದು ಆಗಲೇ. ನಾನು ಡಬ್ಬಿಗಳಿಗೆ ಗುರಿಯಿಟ್ಟು ಹೊಡೆದೆ, ಎಲ್ಲವೂ ತಪ್ಪಿದವು, ನೀನು ಸಂತೋಷದಿಂದ ನಕ್ಕೆ.

ಆಮೇಲೆ ಬಂದೂಕುಗಳು ಮರಿ ಹಾಕಿದವು. ಹಾಸಿಗೆಯ ಪಕ್ಕಕ್ಕೊಂದು, ಟ್ರಕ್ಕಿಗೊಂದು, ಅಂಗಡಿಯ ಗಲ್ಲಾದ ಕೆಳಗೊಂದು. ಯಾವ ಬಂದೂಕು ಕೊಳ್ಳಬೇಕೆಂದು ಬರ್ಲ್ ನಿನ್ನನ್ನೇ ಕೇಳುವಂತಾದ. ಭಾನುವಾರದ ಪ್ರಾರ್ಥನೆಯ ವೇಳೆ ಚರ್ಚಿನ ಬಾಗಿಲು ಕಾಯುವ ಗಂಡಸರ ಜೊತೆ ನಿನ್ನನ್ನೂ ನಿಲ್ಲಿಸಿದರು. ಆಪರೇಷನ್ನಿಗೆ ನೆಟ್ಟಗಾಗದ ಬೆನ್ನು ಪಿಸ್ತೂಲಿಗೆ ನೆಟ್ಟಗಾಯಿತು. ಆ ಕಳ್ಳ ಮತ್ತೆ ಬಂದರೆ ಏನು ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ, ಕತ್ತರಿ ನಿಲ್ಲಿಸಿ, "ಬರಲಿ. ಒಂದೇ ಒಂದು ಸಲ ಬರಲಿ" ಎನ್ನುತ್ತಿದ್ದೆ. ಯಾರೂ ನಗುತ್ತಿರಲಿಲ್ಲ. ಮೂಲೆಯಲ್ಲಿ ಟವೆಲ್ಲು ಮಡಿಸುತ್ತಾ ನಾನು ಕೇಳಿಸಿಕೊಳ್ಳುತ್ತಿದ್ದೆ. ನೀನು ಹೊಡೆಯಲು ಕಾಯುತ್ತಿದ್ದ ಆ ಕಳ್ಳ ನಾನು.

೨೦೦೬ರ ಜೂನ್ ೧೪ರ ವಿಚಾರ ನಿನಗೆ ವಿವರಿಸಬೇಕಿಲ್ಲ. ನನ್ನ ಕಡೆಯದನ್ನಷ್ಟೇ ಹೇಳುತ್ತೇನೆ. ರೋಡಿ ಮಾತ್ರೆ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಮೈ ತುಂಬಿಕೊಂಡಿದ್ದ. ಮಧ್ಯಾಹ್ನ ಊಟಕ್ಕೆ ಬಾ ಎಂದು ನಾನೇ ಕರೆದಿದ್ದೆ, ನಿನಗೆ ತಿಳಿಸದೆ. ಬೀನ್ಸ್ ಬೇಯಿಸಿ, ಜೋಳದ ಬ್ರೆಡ್ ಮುಚ್ಚಿಟ್ಟು, ಹಿಂಬಾಗಿಲಿಗೆ ಚಿಲಕ ಹಾಕದೆ ಚರ್ಚಿನ ಅಡಿಗೆಮನೆ ತೊಳೆಯಲು ಹೋದೆ. ಬರುವುದು ತಡವಾಯಿತು. ನೀನು ಅಂಗಡಿಯಲ್ಲಿರುತ್ತೀಯ ಎಂದುಕೊಂಡಿದ್ದೆ. ನೀನು ಬೆನ್ನುನೋವೆಂದು ಮನೆಗೆ ಬಂದಿದ್ದೆ. ನಾನು ಬಂದಾಗ ಮನೆ ಮುಂದೆ ಆಂಬ್ಯುಲೆನ್ಸ್ ನಿಂತಿತ್ತು.

ಯಾರದು ಎಂದು ಎರಡು ಸಲ ಕೂಗಿದೆ, ಉತ್ತರ ಬರಲಿಲ್ಲ, ಗುಂಡು ಹೊಡೆದೆ ಎಂದು ನೀನು ಶೆರಿಫ್‌ಗೆ ಹೇಳಿದೆ. ಒಮ್ಮೆ ಕಳ್ಳತನವಾದ ಮನೆ. ಹಿಂಬಾಗಿಲಲ್ಲಿ ಬಂದವನು ಹಳೆಯ ಕೇಸಿನವನು. ಯಾರೂ ನಿನ್ನತ್ತ ಬೆರಳು ತೋರಿಸಲಿಲ್ಲ. ಆಸ್ಪತ್ರೆಯಲ್ಲಿ ರೋಡಿಯ ಬೆನ್ನುಮೂಳೆಯ ಗತಿ ಡಾಕ್ಟರು ಇನ್ನೂ ಹೇಳಿರಲಿಲ್ಲ, ಅಷ್ಟರಲ್ಲಿ ಬರ್ಲ್ ಬಂದು ನಿನ್ನ ಭುಜ ತಟ್ಟಿದ. "ಮನೆ ಯಜಮಾನ ಮಾಡಬೇಕಾದ್ದನ್ನೇ ಮಾಡಿದೆ ಕಣಯ್ಯಾ. ಅವನಿಗೇನು ಬಾಯಿ ಇರ್ಲಿಲ್ವಾ?" ಎಂದ. ನನ್ನ ಎದುರಿಗೇ.

ಅದೇ ಮಾತನ್ನು ಎಷ್ಟೋ ವರ್ಷದ ಮೇಲೆ, ಸ್ನಾನ ಮಾಡಿಸುವಾಗ, ನಾನೂ ರೋಡಿಯನ್ನು ಕೇಳಿದೆ. ಅವನು ಕೂಗಿದಾಗ ಯಾಕೋ ಉತ್ತರ ಕೊಡಲಿಲ್ಲ ನೀನು? "ಬಾಯಿ ತುಂಬ ಹೊಗೆಸೊಪ್ಪಿತ್ತಲ್ಲೇ ಅಕ್ಕಾ" ಎಂದು ನಕ್ಕ. "ನೀನು ಒರೆಸಿಟ್ಟ ನೆಲದ ಮೇಲೆ ಉಗಿಯೋಕಾಗುತ್ತಾ? ನಾನು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಸುಮ್ನೆ ಬೈಬೇಡ ಅವನನ್ನ." ಸಾಯುವವರೆಗೂ ನಿನ್ನ ಪರವಾಗಿಯೇ ಮಾತಾಡಿದ.

ನಾನು ನಿಜ ಹೇಳಿದ್ದಿದ್ದರೆ, ಹಿಂಬಾಗಿಲು ಸದ್ದಾದಾಗ ನಿನಗೆ ಕಳ್ಳನ ನೆನಪಾಗುತ್ತಿರಲಿಲ್ಲ, ರೋಡಿಯ ನೆನಪಾಗುತ್ತಿತ್ತು. ಬೈಯುತ್ತಿದ್ದೆ, ಬಾಗಿಲು ಮುಚ್ಚುತ್ತಿದ್ದೆ, ಅಷ್ಟೇ. ಬಂದೂಕಿನ ಮೇಲಿನ ಸಿಟ್ಟಿಗೆ ಗಂಡನನ್ನು ಬಿಟ್ಟಳು ಎಂದು ಊರು ಆಡಿಕೊಂಡಿತು. ನಾನು ಬಿಟ್ಟದ್ದು ನಿನ್ನ ಮುಖ ನೋಡಲಾರದೆ.

ಬೈಯುವುದಿದ್ದರೆ ಬೈದು ಬರೆ. ಒಂದನ್ನು ಮಾತ್ರ ಕೇಳುತ್ತೇನೆ: ಆ ಬಂದೂಕುಗಳನ್ನೆಲ್ಲ ಮಾರಿಬಿಡು. ನೀನು ಯಾರಿಗೆ ಹೆದರಿ ತಂದೆಯೋ ಅವನು ಯಾವತ್ತೂ ಇರಲಿಲ್ಲ.

ನೋಲಾ


ಕೋಲ್ಟರ್ಸ್ ಫೆರಿ, ಕೆಂಟಕಿ
ಏಪ್ರಿಲ್ ೨೪, ಭಾನುವಾರ

ನೋಲಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಬೈಯಲು ನನ್ನಲ್ಲಿ ಏನೂ ಇಲ್ಲ. ನೀನು ಬರೆದದ್ದೆಲ್ಲ ನನಗೆ ಗೊತ್ತಿತ್ತು.

ಪಿಸ್ತೂಲು ತಂದ ಮುಂದಿನ ಮಂಗಳವಾರ ರೋಡಿ ಅಂಗಡಿಗೆ ಬಂದ. ಬೇರೆ ಯಾರೂ ಇರಲಿಲ್ಲ. ಗಡ್ಡ ಬೋಳಿಸು ಎಂದು ಕುಳಿತ. ಸೋಪು ಹಚ್ಚಿ ಕತ್ತಿ ಎತ್ತಿಕೊಂಡೆ. ಆಗ ಕಣ್ಣು ಮುಚ್ಚಿಕೊಂಡು ಹೇಳಿದ: "ಭಾವಾ, ಪಿಸ್ತೂಲು ತಗೊಂಡೆಯಂತೆ. ವಾಪಸ್ ಕೊಟ್ಬಿಡು. ಮಾತ್ರೆ ತಗೊಂಡು ಹೋದೋನು ನಾನು. ಕೊಟ್ಟೋಳು ಅಕ್ಕ. ಗಾಜು ಒಡೆದಿದ್ದೂ ಅವಳೇ, ಇನ್ಯಾರು? ನನ್ನ ಉಳಿಸೋಕೆ. ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗೋದು ಬೇಡ, ನಾಚಿಕೆಯಿಂದ ಸತ್ತುಹೋಗ್ತಾಳೆ. ಶೆರಿಫ್‌ಗೆ ಫೋನ್ ಮಾಡೋದಿದ್ರೆ ಮಾಡು. ಇಲ್ಲೇ ಕೂತಿರ್ತೀನಿ." ನನ್ನ ಕತ್ತಿಯ ಕೆಳಗೆ ಕತ್ತು ಕೊಟ್ಟುಕೊಂಡು ಹೇಳಿದ.

ಫೋನ್ ಮಾಡಲಿಲ್ಲ. ಗಡ್ಡ ಬೋಳಿಸಿ, ಕೆನ್ನೆಗೆ ಪೌಡರು ಹಾಕಿ ಕಳಿಸಿದೆ. ಪಿಸ್ತೂಲು ಹಿಂದಿರುಗಿಸಲು ಅಂದು ಸಂಜೆಯೇ ಹೊರಟೆ. ಪೆಟ್ರೋಲ್ ಬಂಕಿನಲ್ಲಿ ಬರ್ಲ್ ಸಿಕ್ಕಿದ. ಟ್ರಕ್ಕಿನ ಸೀಟಿನ ಮೇಲೆ ಅದನ್ನು ನೋಡಿದ. "ಕೊನೆಗೂ ಗಂಡಸಾದೆ ಅನ್ನು" ಎಂದ. ಗೇಲಿಯಲ್ಲ ನೋಲಾ, ಮನಸಾರೆ ಹೇಳಿದ. ಕಿಟಕಿಯಿಂದ ಕೈ ಚಾಚಿ ನನ್ನ ಕೈ ಕುಲುಕಿದ. ನನಗೆ ಆಗ ಐವತ್ತನಾಲ್ಕು ವರ್ಷ. ಅಲ್ಲಿಯವರೆಗೆ ಒಬ್ಬ ಗಂಡಸೂ ನನ್ನನ್ನು ಹಾಗೆ ನೋಡಿರಲಿಲ್ಲ, ನನ್ನ ಅಪ್ಪನೂ ಸೇರಿ. ಟ್ರಕ್ಕು ತಿರುಗಿಸಿಕೊಂಡು ಮನೆಗೆ ಬಂದೆ.

ಜನ ಬಂದೂಕು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ನನ್ನ ಕುರ್ಚಿಯಲ್ಲಿ ಕುಳಿತವರೆಲ್ಲ ಹೇಳಿದ್ದಾರೆ. ಒಬ್ಬ ಹಾವಿಗೆ ಅನ್ನುತ್ತಾನೆ, ಒಬ್ಬ ಸರ್ಕಾರಕ್ಕೆ, ಒಬ್ಬ ಮಕ್ಕಳಿಗೋಸ್ಕರ. ನಾನು ನಿನ್ನ ಹೆಸರು ಹೇಳುತ್ತಿದ್ದೆ. ನಿನ್ನ ಸುಳ್ಳು ನನಗೆ ಬೇಕಾಗಿತ್ತು. ಒಂದು ಕ್ರಿಸ್‌ಮಸ್‌ನಲ್ಲಿ ನೀನು ಸಿಂಕಿನ ಮುಂದೆ ನಿಂತು, "ವೆಂಡಲ್, ನಿನಗೊಂದು ಹೇಳಬೇಕು" ಎಂದೆ. ಟ್ರಕ್ಕಿಗೆ ಎಣ್ಣೆ ಹಾಕಬೇಕು ಎಂದು ಎದ್ದು ಹೊರಗೆ ಹೋದೆ. ಚಳಿಯಲ್ಲಿ ಒಂದು ಗಂಟೆ ನಿಂತಿದ್ದೆ. ನೀನು ಹೇಳಿಬಿಟ್ಟರೆ ನನ್ನ ಕಳ್ಳ ಹೋಗುತ್ತಿದ್ದ.

ಆದರೆ ಆ ನಿಜ ಇನ್ನೊಬ್ಬನಿಗೂ ಗೊತ್ತಿತ್ತಲ್ಲ. ರೋಡಿ ಬೀದಿಯಲ್ಲಿ ಎದುರಾದಾಗಲೆಲ್ಲ ನಾನು ಆಚೆ ಬದಿಗೆ ದಾಟುತ್ತಿದ್ದೆ. ಚಟದಲ್ಲಿ ಮುಳುಗಿದ್ದಷ್ಟು ಕಾಲ ಅವನ ಮಾತು ಯಾರೂ ನಂಬುತ್ತಿರಲಿಲ್ಲ. ಅವನು ಸುಧಾರಿಸುತ್ತಿದ್ದಾನೆ ಎಂದು ನೀನು ಖುಷಿಪಟ್ಟ ಹನ್ನೊಂದು ತಿಂಗಳೂ ನನಗೆ ನಿದ್ದೆ ಇರಲಿಲ್ಲ.

ಮಾರಿಬಿಡು ಎಂದಿದ್ದೀಯ. ನನ್ನ ಕೈಲಾಗುವುದಿಲ್ಲ. ಅವು ಇಲ್ಲದ ನಾನು ಎಂಥವನೆಂದು ನನಗೆ ಗೊತ್ತು. ಈ ವಯಸ್ಸಿನಲ್ಲಿ ಆ ಮನುಷ್ಯನ ಜೊತೆ ಒಂದೇ ಮನೆಯಲ್ಲಿ ಇರಲಾರೆ.

ಹತ್ತು ವರ್ಷ ಹೊತ್ತದ್ದನ್ನು ಇಳಿಸು. ಅದು ನಿನ್ನದಲ್ಲ.

ವೆಂಡಲ್ ಹಾರ್ಗಿಸ್

ತಾ.ಕ.: ಶೆರಿಫ್‌ಗೆ ನಾನು ಹೇಳಿದ್ದು ಸುಳ್ಳು. ನಾನು ಕೂಗಲಿಲ್ಲ. ರೋಡಿ ಬಾಗಿಲು ಅರ್ಧ ತೆರೆದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಹೊಸ್ತಿಲಾಚೆಯೇ ನಿಂತು, "ಭಾವಾ, ಒಳಗೆ ಬರಲಾ?" ಎಂದು ಕೇಳಿದ. ನನಗೆ ಕೇಳಿಸಿತು.