ಅದು ಶೀತದ ತಲೆನೋವಲ್ಲ

ಆವುಲಪ್ಪ,

ಫ್ಯಾಕ್ಟರಿಯಿಂದ ಬಂದವನೇ ಹೆಂಡತಿ ಎಲ್ಲಿ ಎಂದು ಅಮ್ಮನ ಮೇಲೆ ಕೂಗಾಡಬೇಡ. ಮುನಿರತ್ನಳನ್ನು ಹೊಸೂರು ಆಸ್ಪತ್ರೆಗೆ ಸೇರಿಸಿದ್ದೇನೆ. ಮಗುವೂ ಅಲ್ಲೇ ನರ್ಸಮ್ಮನ ಹತ್ತಿರ ಇದೆ. ಅದರ ಬಟ್ಟೆಗೆಂದು ಬಂದೆ, ಮತ್ತೆ ಅಲ್ಲಿಗೇ ಹೊರಟಿದ್ದೇನೆ.

ತಲೆ ಸಿಡಿಯುತ್ತಿದೆ ಎಂದು ನಿನ್ನೆಯೆಲ್ಲ ಅತ್ತಳು. ಅಮ್ಮ, "ಬಾಣಂತಿಗೆ ಶೀತ ಆಗೈತೆ ಕಣ್ಲಾ" ಎಂದು ತಲೆಗೆ ಬಟ್ಟೆ ಬಿಗಿದಳು. ನೀನು ಒಂದು ಮಾತ್ರೆ ಕೊಟ್ಟು, "ನಾಳೆ ನೋಡಾನ ಬಿಡಕ್ಕ" ಎಂದು ಮಲಗಿದೆ. ಇವತ್ತು ನೀನು ಕೆಲಸಕ್ಕೆ ಹೋದ ಮೇಲೆ, ಹಾಲು ಕುಡಿಸುತ್ತಿದ್ದವಳು "ಅಕ್ಕ, ಕೂಸಿನ ಮಕಾನೇ ಕಾಣ್ತಾ ಇಲ್ಲ" ಎಂದಳು. ಬಸ್ಸಿಗೆ ಕಾಯದೆ ಬೇರಿಕೆ ಊರಿನ ಕಡೆಯಿಂದ ಬಂದ ತರಕಾರಿ ಲಾರಿ ನಿಲ್ಲಿಸಿ ಹತ್ತಿಸಿದೆ.

ಡಾಕ್ಟರಮ್ಮ ನನ್ನನ್ನೇ ಬೈದರು. "ಹೆರಿಗೆ ಆದ್ಮೇಲೂ ಬಿ.ಪಿ. ಏರ್ತದಮ್ಮ. ಇನ್ನೂ ತಡ ಮಾಡಿದ್ರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗ್ತಿತ್ತು" ಎಂದರು. ಆ ಬೈಗುಳ ನಿನಗೆ ಸೇರಬೇಕಾಗಿತ್ತು. ಇಂಜೆಕ್ಷನ್ ಹಾಕಿದ ಮೇಲೆ ನೋವು ಇಳಿದಿದೆ, ಕಣ್ಣೂ ಕಾಣುತ್ತಿದೆ.

ಹಸುವಿನ ಹಾಲು ಕರೆದು, ಕಂಬಳಿ ತೆಗೆದುಕೊಂಡು ಬೇಗ ಬಾ.

ಕಣ್ಣು ನೆಟ್ಟಗಾದ ಕೂಡಲೇ ಅವಳು ಕೇಳಿದ್ದು, "ಅವ್ರು ಉಂಡ್ರಾ, ಅಕ್ಕ?" ಎಂದು. ಅದಕ್ಕೇ ನನಗೆ ಇನ್ನೂ ಸಿಟ್ಟು.

ಸಾರು ಒಲೆಯ ಮೇಲಿದೆ. ಉಂಡೇ ಬಾ. ಅವಳಿಗೆ ನಾನು ಸುಳ್ಳು ಹೇಳಲಾರೆ.

ಗಂಗರತ್ನಕ್ಕ