ದಿನಕ್ಕೊಂದು ಮಿಲಿಮೀಟರ್

ಜೂನ್ 3, 1981. ಬೆಳಿಗ್ಗೆ 6
ನಟ್ಟು ತಿರುಗಿಸಿದೆ. ದಿನಕ್ಕೆ ನಾಲ್ಕು ಸಲ, ಸೇರಿದರೆ ಒಂದು ಮಿಲಿಮೀಟರ್. ಗಿಡ್ಡವಾದ ನನ್ನ ಎಡಗಾಲು ಉದ್ದವಾಗಲು ತೊಡೆಯ ಮೂಳೆ ಕತ್ತರಿಸಿ, ಸುತ್ತ ಕಬ್ಬಿಣದ ಬಳೆ ಹಾಕಿ, ತಂತಿಯಿಂದ ಮೂಳೆಗೆ ಸೇರಿಸಿ, ನಟ್ಟಿನಿಂದ ಮೆಲ್ಲಗೆ ಎಳೆಯುವುದು. ಸಂದಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಹತ್ತೊಂಬತ್ತು ಆಯಿತು. ಐವತ್ತಾಗಬೇಕು. ತಂತಿ ತೂರಿದ ಕಡೆಯೆಲ್ಲ ಉರಿ.

ಪಕ್ಕದ ಹಾಸಿಗೆಯ ಫಾಯಿನಾ, ಟ್ರ್ಯಾಕ್ಟರ್ ಓಡಿಸುವವಳು, ಕಣ್ಣು ಬಿಡುವ ಮೊದಲೇ ಶುರು: "ಏನೇ ರಿಮ್ಮಾ, ಗಡಿಯಾರಕ್ಕೆ ಕೀ ಕೊಟ್ಯಾ?"

ಜೂನ್ 4
ಡಾಕ್ಟರಮ್ಮನನ್ನು ಕೇಳಿಯೇ ಬಿಟ್ಟೆ — ನನ್ನ ಸೊಂಟದ ಕೀಲು ಜಾರಿ ಕಾಲು ಗಿಡ್ಡವಾದದ್ದೇಕೆ? ಮೇಜಿನ ಮೇಲೆ ಮೂಳೆಗಳನ್ನಿಟ್ಟು ತೋರಿಸಿದರು. ಹುಟ್ಟಿದ ಮಗುವಿನ ಸೊಂಟದ ಬಟ್ಟಲು ಇನ್ನೂ ಮೆತ್ತಗೆ, ಆಳವೇ ಇಲ್ಲ. ತೊಡೆ ಮೂಳೆಯ ಗುಂಡು ಅದರಲ್ಲಿ ಕೂತರೇ ಆಳವಾಗುವುದು. ಕಾಲು ಅಗಲವಾಗಿದ್ದರೆ ಕೂರುತ್ತದೆ. ನೆಟ್ಟಗೆ ಬಿಗಿದರೆ ಜಾರುತ್ತದೆ.

"ನಿಮ್ದು ಹುಟ್ಟುವಾಗ್ಲೇ ಸ್ವಲ್ಪ ಸಡಿಲ ಇತ್ತೇನೋ. ಬಟ್ಟೇಲಿ ಬಿಗಿದು ಸುತ್ತಿದ್ರಾ?"

ಸುತ್ತಿದ್ದರು. ನಮ್ಮಲ್ಲಿ ಸುತ್ತದವರು ಯಾರು? ಆದರೆ ಇಪ್ಪತ್ತಾರು ವರ್ಷ ಅಮ್ಮ ಹೇಳಿದ್ದು ಒಂದೇ — ನಿನ್ನ ಅಪ್ಪನ ಕಡೆಯ ರಕ್ತ ಕೆಟ್ಟದ್ದು. ಅದನ್ನು ನಂಬಿ ಅಪ್ಪನ ತಾಯಿಗೆ ನಾನೂ ಶಾಪ ಹಾಕಿದ್ದೆ. ಸತ್ತ ಮುದುಕಿಗೆ! ಥೂ.

ತಂಗಿ ನೇಲ್ಯಾಳ ಹೆಣ್ಣುಮಗುವಿಗೆ ಈಗ ಐದು ವಾರ. ನೋಡಿಕೊಳ್ಳುವವಳು ಅಮ್ಮ. ಅವಳಿಗೆ ಇವತ್ತೇ ಕಾಗದ ಹಾಕಿದೆ: ಸುತ್ತಿದ್ದನ್ನು ಬಿಚ್ಚು.

ಜೂನ್ 17
ಅಮ್ಮನ ಉತ್ತರ. "ಬಿಚ್ಚಿಟ್ರೆ ಕಾಲು ಸೊಟ್ಟ ಆಗುತ್ತೆ. ನಿಮ್ಮಿಬ್ರನ್ನೂ ಹೀಗೇ ಸುತ್ತಿ ಬೆಳೆಸಿದೀನಿ. ನಿಮಗೇನಾಗಿದೆ?"

ನಿಮ್ಮಿಬ್ಬರನ್ನೂ! ಯಾವ ಮುಖ ಇಟ್ಟುಕೊಂಡು ಬರೆದಳು? ಶಾಲೆಯಲ್ಲಿ ಕುಂಟಿ, ಡ್ಯಾನ್ಸ್ ಹಾಲಿನಲ್ಲಿ ಕುಂಟಿ... ಕಾಗದ ಹರಿದು ಚೂರು ಮಾಡಿದೆ.

"ನಿಮ್ಮಮ್ಮ ಮಗುನ ಎಲೆಕೋಸು ಅಂದ್ಕೊಂಡಿದಾಳೆ," ಎಂದಳು ಫಾಯಿನಾ. ನಗು ಬರಲಿಲ್ಲ. ಅವಳನ್ನು ನೋಡಲು ಬಂದಿದ್ದ ಅಣ್ಣನ ಕೈಲಿ ಟೆಲಿಗ್ರಾಂ ಕೊಡಿಸಿದೆ: ನೇಲ್ಯಾ, ಮಗು ಕರೆದುಕೊಂಡು ತಕ್ಷಣ ಬಾ.

ಜೂನ್ 29, ಮಧ್ಯಾಹ್ನ 2
ಬಂದರು. ಅಮ್ಮನೂ. ಆಸ್ಪತ್ರೆ ತೋಟದ ಬೆಂಚಿನ ಮೇಲೆ ಮಗು — ಸೌದೆ ತುಂಡಿನ ಹಾಗೆ, ಮುಖ ಮಾತ್ರ ಹೊರಗೆ. ಊರುಗೋಲು ಬಿಸಾಡಿ ಕೂತು ಬಿಚ್ಚತೊಡಗಿದೆ.

"ಶೀತ ಆಗುತ್ತೆ ಕಣೇ, ಮುಟ್ಬೇಡ!"

"ಮುಟ್ತೀನಿ. ನೀನು ಮುಟ್ಟಿದ್ದು ಸಾಕು!"

ತೋಟದವರೆಲ್ಲ ತಿರುಗಿ ನೋಡಿದರು. ನೋಡಲಿ. ಮಗುವಿನ ಬಲಗಾಲು ಕಪ್ಪೆಯ ಕಾಲಿನಂತೆ ಸಲೀಸಾಗಿ ಅಗಲವಾಯಿತು. ಎಡಗಾಲು ಅರ್ಧಕ್ಕೇ ನಿಂತಿತು. ನೇಲ್ಯಾ ಬಾಯಿಗೆ ಕೈ ಒತ್ತಿಕೊಂಡಳು.

ಅಮ್ಮ ಬಗ್ಗಿ ಆ ಕಾಲನ್ನು ನೋಡಿದಳು. "ನಿಂದೂ ಹೀಗೇ ನಿಲ್ತಿತ್ತು," ಎಂದಳು. "ನಂಗೆ ಭಯ ಆಯ್ತು. ಅದಕ್ಕೇ ಇನ್ನೂ ಬಿಗಿಯಾಗಿ ಸುತ್ತಿದೆ."

ಹೊಡೆಯಬೇಕೆನಿಸಿತು. ನಿಜವಾಗಿ.

ಸಂಜೆ 5
ಡಾಕ್ಟರಮ್ಮ ನೋಡಿದರು. ಹೊತ್ತು ಮೀರಿಲ್ಲ. ಕಾಲುಗಳ ನಡುವೆ ಮೆತ್ತೆ, ನಾಲ್ಕು ತಿಂಗಳು. ಬಟ್ಟಲು ಆಳವಾಗುತ್ತದೆ, ಮಗು ಓಡುತ್ತಾಳೆ. ನೇಲ್ಯಾ ಅತ್ತಳು. ನಾನು ಅಳಲಿಲ್ಲ. ನನಗೆ ಯಾರೂ ಮೆತ್ತೆ ಇಡಲಿಲ್ಲ.

ಸಂಜೆ 6
ನಟ್ಟು ತಿರುಗಿಸುವ ಹೊತ್ತು. ಅಮ್ಮ ಹಾಸಿಗೆಯ ಪಕ್ಕ ನೆಲಕ್ಕೇ ಕೂತು ಸ್ಪ್ಯಾನರಿಗೆ ಕೈ ಚಾಚಿದಳು. ಕೊಡಬಾರದೆಂದಿದ್ದೆ. ಕೊಟ್ಟೆ. ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿದಿಲ್ಲ, ಬರೆದಿಟ್ಟಿರುತ್ತೇನೆ. ಅವಳು ಸ್ಪ್ಯಾನರನ್ನು ನಟ್ಟಿಗೆ ಕೂರಿಸಿದಳು.

"ಯಾವ ಕಡೆ ತಿರುಗಿಸ್ಬೇಕು, ರಿಮ್ಮಾ? ನೀನೇ ಹೇಳು."

ಇಪ್ಪತ್ತಾರು ವರ್ಷದಲ್ಲಿ ನನ್ನ ಕಾಲಿನ ಬಗ್ಗೆ ನನ್ನನ್ನು ಕೇಳಿದ್ದು ಇದೇ ಮೊದಲು. ನಾನು ಬೆರಳಿಂದ ತೋರಿಸಿದೆ: "ಈ ಕಡೆ. ಮೆಲ್ಲಗೆ."